ಟ್ಯೂಬಿನ ಹಿಂದಿನ ವಿಳಾಸ: ವ್ಯಾಪಾರ ಬೆಳೆಸುವವರಿಗೆ ಮಡ್ಕಯಿಯ ಪಾಠ

ಮನೆಯಲ್ಲಿರುವ ಚರ್ಮದ ಮುಲಾಮು ಅಥವಾ ನೋವಿನ ಕ್ರೀಮಿನ ಟ್ಯೂಬನ್ನು ಒಮ್ಮೆ ತಿರುಗಿಸಿ ನೋಡಿ. ಮುಂದೆ ದೊಡ್ಡ ಅಕ್ಷರದಲ್ಲಿ ಎಲ್ಲರಿಗೂ ಗೊತ್ತಿರುವ ಬ್ರ್ಯಾಂಡಿನ ಹೆಸರು. ಹಿಂದೆ, ಕನ್ನಡಕ ಹಾಕಿದರೂ ಓದಲು ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ, ತಯಾರಿಸಿದವರ ವಿಳಾಸ. ಹಲವು ಟ್ಯೂಬುಗಳ ಮೇಲೆ ಆ ವಿಳಾಸ ಹೀಗಿರುತ್ತದೆ: ಎನ್‌ಕ್ಯೂಬ್ ಎಥಿಕಲ್ಸ್ ಪ್ರೈವೇಟ್ ಲಿಮಿಟೆಡ್, ಮಡ್ಕಯಿ ಇಂಡಸ್ಟ್ರಿಯಲ್ ಎಸ್ಟೇಟ್, ಪೋಸ್ಟ್ ಮರ್ದೋಳ್, ಪೋಂಡಾ, ಗೋವಾ.

ಮಂಗಳೂರು, ಉಡುಪಿ ಕಡೆಯಿಂದ ಗೋವಾಕ್ಕೆ ಹೋಗಿ ಬರುವವರಿಗೇನೂ ಕಮ್ಮಿಯಿಲ್ಲ. ಮೀನಿನ ಲಾರಿಯವರು ಹೋಗುತ್ತಾರೆ, ಹೋಟೆಲಿನವರು ಹೋಗುತ್ತಾರೆ, ರಜೆಯಲ್ಲಿ ಹುಡುಗರು ಬೈಕ್ ಹಾಕಿಕೊಂಡು ಹೋಗುತ್ತಾರೆ. ಆದರೆ ಮಡ್ಕಯಿ ಅಂದರೆ ಇವರಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ಅಲ್ಲಿ ಹೆಸರುವಾಸಿ ಬೀಚ್ ಇಲ್ಲ. ಅದು ಪೋಂಡಾ ತಾಲೂಕಿನ ಒಂದು ಹಳ್ಳಿ, ನವದುರ್ಗಾ ದೇವಸ್ಥಾನ ಇರುವ ಊರು. ಅಲ್ಲಿ ಗೋವಾ ಕೈಗಾರಿಕಾ ಅಭಿವೃದ್ಧಿ ನಿಗಮದ ಒಂದು ಎಸ್ಟೇಟ್ ಇದೆ. ಆ ಎಸ್ಟೇಟಿನ ಒಂದು ಕಂಪೆನಿ, ಜನರಿಗೆ ತನ್ನ ಹೆಸರೇ ಗೊತ್ತಿಲ್ಲದೆ, ದೇಶದ ಮನೆಮನೆಯೊಳಗೆ ಹೋಗಿ ಕೂತಿದೆ. ವ್ಯಾಪಾರ ಬೆಳೆಸಬೇಕು ಅಂತ ಇರುವ ಯುವಕರು ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ನಮ್ಮಲ್ಲಿ ದೊಡ್ಡ ವ್ಯಾಪಾರ ಅಂದರೆ ದೊಡ್ಡ ಬೋರ್ಡು, ಉದ್ಘಾಟನೆಗೆ ಮಂತ್ರಿ, ಪೇಪರಿನಲ್ಲಿ ಜಾಹೀರಾತು ಅನ್ನುವ ಲೆಕ್ಕ ಇದೆಯಲ್ಲ, ಆ ಲೆಕ್ಕಕ್ಕೆ ಈ ಕಂಪೆನಿ ಸಿಗುವುದಿಲ್ಲ.

ಎನ್‌ಕ್ಯೂಬ್ ಮುಂಬೈ ಮೂಲದ ಕಂಪೆನಿ, 1990ರ ದಶಕದ ಕೊನೆಯಲ್ಲಿ ಶುರುವಾದದ್ದು. ಅವರು ಹಿಡಿದುಕೊಂಡದ್ದು ಒಂದೇ ಕಸುಬು: ಮೈಮೇಲೆ ಹಚ್ಚುವ ಮದ್ದು. ಕ್ರೀಮು, ಮುಲಾಮು, ಜೆಲ್, ಲೋಷನ್. ಮದ್ದಿನ ವ್ಯಾಪಾರದಲ್ಲಿ ದೊಡ್ಡ ದುಡ್ಡು ಇರುವುದು ಮಾತ್ರೆಯಲ್ಲಿ, ಇಂಜೆಕ್ಷನ್ನಿನಲ್ಲಿ ಅಂತ ಹೇಳುವವರೇ ಜಾಸ್ತಿ. ಟ್ಯೂಬಿನ ಕೆಲಸವನ್ನು ದೊಡ್ಡ ಕಂಪೆನಿಗಳು ತಮ್ಮ ಫ್ಯಾಕ್ಟರಿಯ ಒಂದು ಮೂಲೆಯಲ್ಲಿ ಮಾಡಿಕೊಂಡು ಹೋಗುತ್ತಿದ್ದವು. ಆ ಮೂಲೆಯ ಕೆಲಸವನ್ನೇ ಇವರು ತಮ್ಮ ಪೂರ್ತಿ ಕೆಲಸ ಮಾಡಿಕೊಂಡರು.

ಗೋವಾವೇ ಯಾಕೆ ಅನ್ನುವುದಕ್ಕೆ ಆ ಕಾಲದ ತೆರಿಗೆ ಕಾನೂನಿನಲ್ಲಿ ಒಂದು ಉತ್ತರ ಇದೆ. ಆದಾಯ ತೆರಿಗೆ ಕಾಯ್ದೆಯ 80-ಐಬಿ ಪ್ರಕಾರ, ಕೈಗಾರಿಕೆಯಲ್ಲಿ ಹಿಂದುಳಿದ ರಾಜ್ಯಗಳ ಪಟ್ಟಿಯಲ್ಲಿ ಗೋವಾ ಕೂಡ ಇತ್ತು. ಅಲ್ಲಿ 2004ರ ಮಾರ್ಚ್ 31ರೊಳಗೆ ಉತ್ಪಾದನೆ ಶುರು ಮಾಡಿದ ಘಟಕಕ್ಕೆ ಮೊದಲ ಐದು ವರ್ಷ ಲಾಭದ ಮೇಲೆ ಪೂರ್ತಿ ವಿನಾಯಿತಿ, ಆಮೇಲೆ ಕೆಲವು ವರ್ಷ ಸ್ವಲ್ಪ ಭಾಗ. ಆ ಸಮಯದಲ್ಲಿ ಗೋವಾಕ್ಕೆ ಮದ್ದಿನ ಕಂಪೆನಿಗಳು ಸಾಲುಸಾಲಾಗಿ ಬಂದವು. 2003ರ ನಂತರ ಹಿಮಾಚಲ, ಉತ್ತರಾಖಂಡಗಳಿಗೆ ಅಬಕಾರಿ ಸುಂಕದ ರಿಯಾಯಿತಿ ಸಿಕ್ಕಾಗ ಹೊಸ ಫ್ಯಾಕ್ಟರಿಗಳು ಬದ್ದಿಯ ಕಡೆ ತಿರುಗಿದವು. ರಿಯಾಯಿತಿಗಾಗಿ ಜಾಗ ಹಿಡಿಯುವುದು ತಪ್ಪಲ್ಲ. ಆದರೆ ರಿಯಾಯಿತಿ ಮುಗಿದ ಮೇಲೂ ಅಲ್ಲಿ ನಿಲ್ಲಲು ಬೇರೊಂದು ಕಾರಣ ಇರಬೇಕಾಗುತ್ತದೆ. ಮೂರು ತಿಂಗಳು ಬಾಡಿಗೆ ಫ್ರೀ ಅಂತ ಹೊಸ ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ ಅಂಗಡಿ ಹಾಕಿ, ನಾಲ್ಕನೇ ತಿಂಗಳು ಗಿರಾಕಿಯ ದಾರಿ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೀಡಿಗೂ ಮುಲಾಮಿಗೂ ಇರುವ ವ್ಯತ್ಯಾಸ

ಬೇರೆಯವರ ಹೆಸರಿಗೆ ಮಾಲು ಮಾಡಿಕೊಡುವುದು ಕರಾವಳಿಗೆ ಹೊಸ ವಿಷಯ ಅಲ್ಲ. ಬೀಡಿ ಅದೇ ತಾನೆ? ಎಲೆ, ಹೊಗೆಸೊಪ್ಪು ಕಂಪೆನಿಯದ್ದು, ಲೇಬಲ್ ಕಂಪೆನಿಯದ್ದು, ಕಟ್ಟುವ ಕೈ ಮಾತ್ರ ಮನೆಯಲ್ಲಿ ಕೂತ ಹೆಂಗಸರದ್ದು. ಬ್ಯಾರಿ ಮನೆಗಳಲ್ಲಿ ಎಷ್ಟೋ ಮಕ್ಕಳ ಶಾಲೆಯ ಫೀಸು, ಎಷ್ಟೋ ಮದುವೆಯ ಖರ್ಚು ಆ ಬೀಡಿಯ ಸೂಪಿನಿಂದಲೇ ಬಂದದ್ದು. ಆದರೆ ಎರಡು ತಲೆಮಾರು ಬೀಡಿ ಕಟ್ಟಿದರೂ ಕಟ್ಟಿದವರಿಗೆ ರೇಟು ಮಾತಾಡುವ ಶಕ್ತಿ ಬರಲಿಲ್ಲ.

ಮಡ್ಕಯಿಯಲ್ಲೂ ಲೇಬಲ್ ಬೇರೆಯವರದ್ದೇ. ಹಾಗಿದ್ದೂ ಅಲ್ಲಿ ತಯಾರಿಸುವವನಿಗೆ ಮಾತಾಡುವ ಶಕ್ತಿ ಇದೆ. ಕಾರಣ ಕೆಲಸದ ಕಷ್ಟದಲ್ಲಿ ಇಲ್ಲ; ಬೀಡಿ ಕಟ್ಟುವುದೂ ಸುಲಭದ ಕೆಲಸ ಅಲ್ಲ. ಕಾರಣ ಇರುವುದು ಬದಲಿ ಸಿಗುವುದರಲ್ಲಿ. ಒಂದು ಮನೆ ಬೀಡಿ ಕಟ್ಟುವುದು ನಿಲ್ಲಿಸಿದರೆ ಕಂಟ್ರಾಕ್ಟರಿಗೆ ಪಕ್ಕದ ಮನೆ ಸಿಗುತ್ತದೆ. ಒಂದು ಮದ್ದಿನ ಕಂಪೆನಿ ತನ್ನ ಮುಲಾಮನ್ನು ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಕೊಂಡೊಯ್ಯಬೇಕಾದರೆ ಹೊಸ ಲೈಸೆನ್ಸ್ ಬೇಕು, ಹೊಸದಾಗಿ ಪ್ರಾಯೋಗಿಕ ಬ್ಯಾಚ್ ತೆಗೆಯಬೇಕು, ಬಿಸಿ ಮತ್ತು ತೇವ ತುಂಬಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಕೆಡುವುದಿಲ್ಲ ಎಂದು ತೋರಿಸಬೇಕು. 40 ಡಿಗ್ರಿ ಶಾಖ, ಶೇ. 75 ತೇವಾಂಶದಲ್ಲಿ ಆರು ತಿಂಗಳು ಇಡುವುದು ಸಾಮಾನ್ಯ ಕ್ರಮ. ಮಾಲು ಅಮೆರಿಕಕ್ಕೆ ಹೋಗುವುದಾದರೆ ಅಲ್ಲಿನ ಎಫ್‌ಡಿಎಯ ಒಪ್ಪಿಗೆಯೂ ಬೇಕು. ಇಷ್ಟೆಲ್ಲ ತಾಪತ್ರಯ ಇರುವಾಗ ಕಿಲೋಗೆ ನಾಲ್ಕಾಣೆ ಕಮ್ಮಿ ಅಂತ ಯಾರೂ ಜಾಗ ಬದಲಿಸುವುದಿಲ್ಲ.

ಜಾಬ್ ವರ್ಕ್ ಮಾಡುವ ಯಾವನೇ ಆಗಲಿ, ಫ್ಯಾಬ್ರಿಕೇಶನ್ ಇರಲಿ, ಹೊಲಿಗೆ ಘಟಕ ಇರಲಿ, ಬೇಕರಿಗಳಿಗೆ ಖಾರಾ ಮಾಡಿಕೊಡುವುದಿರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ನಾಳೆ ನಾವು ಮಾಡುವುದಿಲ್ಲ ಅಂದರೆ ಗಿರಾಕಿಗೆ ಇನ್ನೊಬ್ಬನನ್ನು ಹುಡುಕಲು ಎಷ್ಟು ದಿನ ಬೇಕು? ಒಂದು ದಿನ ಸಾಕು ಅಂತಾದರೆ ಅವನು ಕೊಟ್ಟದ್ದೇ ರೇಟು. ಒಂದು ವರ್ಷ ಬೇಕು ಅಂತಾದರೆ ಮಾತುಕತೆಗೆ ಎದುರೆದುರು ಕುರ್ಚಿ ಹಾಕಿ ಕೂರಬಹುದು.

ಹೆಸರಿಲ್ಲದೆ ಇರುವುದರಲ್ಲಿ ಲಾಭವೂ ಇದೆ. ಜಾಹೀರಾತಿನ ಖರ್ಚಿಲ್ಲ, ಮೆಡಿಕಲ್ ಅಂಗಡಿಗಳಿಗೆ ಸ್ಕೀಮ್ ಕೊಡಬೇಕಾಗಿಲ್ಲ, ಎಕ್ಸ್‌ಪೈರಿ ಆದ ಮಾಲು ವಾಪಸ್ ಬರುವ ತಲೆನೋವು ಬ್ರ್ಯಾಂಡಿನವರದ್ದು. ಒಂದೇ ಬ್ರ್ಯಾಂಡ್ ನಂಬಿ ಕೂತವನ ಮಾರಾಟ ಬಿದ್ದರೆ ಮುಗಿಯಿತು. ಹತ್ತು ಬ್ರ್ಯಾಂಡಿಗೆ ಮಾಡಿಕೊಡುವವನಿಗೆ ಒಂದು ಬಿದ್ದರೂ ಒಂಬತ್ತು ಇರುತ್ತದೆ. ಆದರೆ ಜವಾಬ್ದಾರಿಯಿಂದ ಮಾತ್ರ ತಪ್ಪಿಸಿಕೊಳ್ಳಲಾಗದು. 2021ರ ಮಾರ್ಚ್ 1ರಿಂದ ಜಾರಿಯಾದ ನಿಯಮದಂತೆ ಮದ್ದಿನ ಗುಣಮಟ್ಟಕ್ಕೆ ಮಾರಾಟ ಮಾಡುವ ಕಂಪೆನಿಯೂ ಹೊಣೆ. ಅಲ್ಲಿಯವರೆಗೆ ಮುಖ್ಯವಾಗಿ ತಯಾರಿಸಿದವನ ತಲೆಗೇ ಬರುತ್ತಿತ್ತು. ಈಗ ಬ್ರ್ಯಾಂಡಿನವರು ಫ್ಯಾಕ್ಟರಿಗೆ ಬಂದು ಇಣುಕುವುದು ಇನ್ನೂ ಜಾಸ್ತಿ ಆಗಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಎರಡು ಕೆ.ಜಿ. ಬಿರಿಯಾನಿ, ನೂರು ಕೆ.ಜಿ. ಬಿರಿಯಾನಿ

ಮನೆಯಲ್ಲಿ ಎರಡು ಕೆ.ಜಿ. ಬಿರಿಯಾನಿ ಚೆನ್ನಾಗಿ ಮಾಡುವವರನ್ನು ಮದುವೆ ಮನೆಯ ನೂರು ಕೆ.ಜಿ. ಚೆಂಬಿನ ಮುಂದೆ ನಿಲ್ಲಿಸಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮಸಾಲೆಯನ್ನು ಐವತ್ತು ಪಟ್ಟು ಮಾಡಿದರೆ ಆಗುವುದಿಲ್ಲ. ಅಡಿ ಹಿಡಿಯುತ್ತದೆ, ಮೇಲಿನ ಅಕ್ಕಿ ಬೇಯುವುದಿಲ್ಲ, ದಮ್ಮಿನ ಸಮಯವೇ ಬೇರೆ. ಬಂಡಾರಿಗೆ ಕೊಡುವ ಕೂಲಿ ಅಡುಗೆಗೆ ಮಾತ್ರ ಅಲ್ಲ, ಆ ಅಳತೆ ಗೊತ್ತಿರುವುದಕ್ಕೆ.

ಕ್ರೀಮಿನದ್ದೂ ಇದೇ ಕಥೆ. ಎಣ್ಣೆಯ ಭಾಗವನ್ನು ಬೇರೆ, ನೀರಿನ ಭಾಗವನ್ನು ಬೇರೆ ಪಾತ್ರೆಯಲ್ಲಿ 70 ಡಿಗ್ರಿ ಆಸುಪಾಸಿಗೆ ಕಾಯಿಸಿ, ಒಟ್ಟು ಸೇರಿಸಿ, ಹೋಮೋಜಿನೈಸರ್ ಅನ್ನುವ ಜೋರಾಗಿ ತಿರುಗುವ ಯಂತ್ರದಲ್ಲಿ ಕಡೆದು, ಆಮೇಲೆ ಮೆಲ್ಲ ತಣಿಸಬೇಕು. ಪ್ರಯೋಗಾಲಯದ ಐದು ಕೆ.ಜಿ. ಪಾತ್ರೆ ಬೇಗ ತಣಿಯುತ್ತದೆ. ಐನೂರು ಕೆ.ಜಿ.ಯ ಟ್ಯಾಂಕು ತಣಿಯಲು ಗಂಟೆಗಳೇ ಬೇಕು. ಆ ವ್ಯತ್ಯಾಸದಿಂದಲೇ ಸಣ್ಣ ಪಾತ್ರೆಯಲ್ಲಿ ಬೆಣ್ಣೆಯಂತೆ ಬಂದದ್ದು ದೊಡ್ಡ ಟ್ಯಾಂಕಿನಲ್ಲಿ ಒಡೆದು ಎಣ್ಣೆ ಒಂದು ಕಡೆ, ನೀರು ಒಂದು ಕಡೆ ಆಗಬಹುದು. ಒಳಗೆ ಗಾಳಿ ಸೇರಿದರೆ ಟ್ಯೂಬಿಗೆ ತುಂಬುವಾಗ ತೂಕ ತಪ್ಪುತ್ತದೆ. ಹಾಗಾಗಿ ಐದು ಕೆ.ಜಿ.ಯಿಂದ ನೇರ ಐನೂರಕ್ಕೆ ಹಾರುವುದಿಲ್ಲ, ನಡುವೆ ಒಂದು ಮಧ್ಯಮ ಗಾತ್ರದ ಬ್ಯಾಚ್ ತೆಗೆಯುತ್ತಾರೆ. ತಪ್ಪು ಆಗುವುದಾದರೆ ಅಲ್ಲೇ ಆಗಲಿ, ನಷ್ಟ ಕಮ್ಮಿ ಅಂತ.

ವ್ಯಾಪಾರದಲ್ಲಿ ಈ ಮಧ್ಯದ ಬ್ಯಾಚನ್ನು ಬಿಟ್ಟುಬಿಡುವವರೇ ಹೆಚ್ಚು. ಒಂದು ಹೋಟೆಲು ಚೆನ್ನಾಗಿ ನಡೆದರೆ ಒಂದೇ ವರ್ಷದಲ್ಲಿ ಇನ್ನೂ ಮೂರು ಬ್ರಾಂಚ್. ಮೊದಲ ಹೋಟೆಲು ನಡೆದದ್ದು ಮಾಲಕರು ಸುಬಹಿಯಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂತದ್ದರಿಂದ, ಪರೋಟದ ಹಿಟ್ಟನ್ನು ಅವರೇ ಮುಟ್ಟಿ ನೋಡುತ್ತಿದ್ದುದರಿಂದ. ನಾಲ್ಕು ಗಲ್ಲಾದಲ್ಲಿ ಒಬ್ಬನೇ ಕೂರಲಾಗುತ್ತದಾ? ಎರಡನೇ ಅಂಗಡಿ ಹಾಕುವುದರ ನಿಜವಾದ ಕೆಲಸ ಲಾಭ ತರುವುದಲ್ಲ. ಮಾಲಕ ಇಲ್ಲದೆ ಅಂಗಡಿ ನಡೆಯುತ್ತದೋ ಇಲ್ಲವೋ ಎಂದು ತೋರಿಸಿಕೊಡುವುದು. ಅದು ಗೊತ್ತಾಗುವ ಮೊದಲೇ ಮೂರನೆಯದಕ್ಕೆ ಅಡ್ವಾನ್ಸ್ ಕೊಟ್ಟರೆ ಕಷ್ಟ.

ವ್ಯಾಪಾರ ಜೋರು, ಕೈ ಖಾಲಿ

ಬೆಳೆಯುವ ವ್ಯಾಪಾರಿಗೆ ಕೊನೆಯವರೆಗೂ ಅರ್ಥವಾಗದೆ ಉಳಿಯುವುದು ಇದು: ಮಾರಾಟ ಡಬಲ್ ಆಯಿತು, ಲಾಭವೂ ಇದೆ ಅಂತ ಲೆಕ್ಕ ಹೇಳುತ್ತದೆ, ಆದರೆ ಬ್ಯಾಂಕಿನಲ್ಲಿ ಹಣ ಇಲ್ಲ. ಯಾರೋ ಕದ್ದಿರಬೇಕು ಎಂಬ ಸಂಶಯ ಶುರುವಾಗುತ್ತದೆ. ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುತ್ತದೆ. ಎಷ್ಟೋ ಸಲ ಯಾರೂ ಕದ್ದಿರುವುದಿಲ್ಲ.

ಒಂದು ಲೆಕ್ಕ ನೋಡಿ. ತಿಂಗಳಿಗೆ 10 ಲಕ್ಷದ ಮಾಲು ಮಾರುವ ಒಬ್ಬ ಹೋಲ್‌ಸೇಲ್ ವ್ಯಾಪಾರಿ. ಮಾಲಿಗೆ, ಖರ್ಚಿಗೆ 9 ಲಕ್ಷ, ಉಳಿಯುವುದು 1 ಲಕ್ಷ. ಖರೀದಿ ನಗದು, ಮಾರಾಟ 60 ದಿನದ ಉದ್ರಿ. ಅಂದರೆ ಯಾವಾಗ ನೋಡಿದರೂ ಎರಡು ತಿಂಗಳ ಬಿಲ್ಲು, 20 ಲಕ್ಷ, ಹೊರಗೆ ಇರುತ್ತದೆ. ಅದರಲ್ಲಿ ಅವನ ಕೈಯಿಂದ ಹೋದದ್ದು 18 ಲಕ್ಷ. ಈಗ ಮಾರಾಟ 20 ಲಕ್ಷಕ್ಕೆ ಏರಿತು ಅಂತ ಇಟ್ಟುಕೊಳ್ಳಿ. ಹೊರಗಿರುವ ಬಿಲ್ಲು 40 ಲಕ್ಷ, ಕೈಯಿಂದ ಹೋಗಬೇಕಾದದ್ದು 36 ಲಕ್ಷ. ಹೊಸದಾಗಿ 18 ಲಕ್ಷ ಎಲ್ಲಿಂದ ತರುವುದು? ತಿಂಗಳ ಲಾಭ ಈಗ 2 ಲಕ್ಷ. ಆ ಲಾಭದಿಂದಲೇ ತುಂಬುತ್ತೇನೆ ಅಂದರೆ ಒಂಬತ್ತು ತಿಂಗಳು ಬೇಕು, ಅದೂ ಮನೆ ಖರ್ಚಿಗೆ ಒಂದು ರೂಪಾಯಿ ತೆಗೆಯದಿದ್ದರೆ. ಆ ಒಂಬತ್ತು ತಿಂಗಳಲ್ಲಿ ಒಂದು ಮದುವೆ ಬಂತು, ಒಂದು ಆಸ್ಪತ್ರೆ ಖರ್ಚು ಬಂತು ಅಂತಾದರೆ ಚೆಕ್ ಬೌನ್ಸ್ ಆಗುತ್ತದೆ. ವ್ಯಾಪಾರ ಬಿದ್ದು ಮುಳುಗುವವರು ಇದ್ದಾರೆ, ವ್ಯಾಪಾರ ಏರಿ ಮುಳುಗುವವರೂ ಇದ್ದಾರೆ.

ಇದರಲ್ಲಿ ಜಿಎಸ್‌ಟಿ ಸೇರಿಸಿಲ್ಲ. ಗಿರಾಕಿ 60 ದಿನಕ್ಕೆ ಕೊಟ್ಟರೂ, 90 ದಿನಕ್ಕೆ ಕೊಟ್ಟರೂ ಸರಕಾರಕ್ಕೆ ತೆರಿಗೆ ಮುಂದಿನ ತಿಂಗಳ 20ಕ್ಕೆ ಹೋಗಬೇಕು. ವರ್ಷಕ್ಕೆ 5 ಕೋಟಿವರೆಗಿನವರು ತ್ರೈಮಾಸಿಕ ರಿಟರ್ನ್ ಆರಿಸಿಕೊಂಡರೂ ತೆರಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು, ಮೊದಲೆರಡು ತಿಂಗಳದ್ದು 25ರೊಳಗೆ. ಗಿರಾಕಿ ಬಿಲ್ಲಿನ ಹಣ 180 ದಿನ ಕೊಡದಿದ್ದರೆ ಅವನು ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕು ಎಂಬ ನಿಯಮ ಇದೆ. ಬಾಕಿ ಕೇಳಲು ನಾಚಿಕೆ ಆಗುವವರು ಕಡೆಗೆ ಈ ನಿಯಮವನ್ನಾದರೂ ನೆನಪಿಸಬಹುದು.

ಮಾಲು ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಇನ್ನೂ ಗಟ್ಟಿಯಾದ ಕಾನೂನು ಇದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಘಟಕಕ್ಕೆ, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. 2023ರ ಬಜೆಟಿನಲ್ಲಿ ಆದಾಯ ತೆರಿಗೆಗೆ 43ಬಿ(ಎಚ್) ಸೇರಿಸಿ, ಆ ಅವಧಿಯಲ್ಲಿ ಕೊಡದ ಹಣವನ್ನು ಕೊಳ್ಳುವವನು ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ ಎಂದು ಮಾಡಿದರು. 2025ರ ಏಪ್ರಿಲ್‌ನಿಂದ ವಹಿವಾಟು 10 ಕೋಟಿ, ಹೂಡಿಕೆ ಎರಡೂವರೆ ಕೋಟಿವರೆಗಿನವರು ಅತಿ ಸಣ್ಣ ಘಟಕ. 100 ಕೋಟಿ ಮತ್ತು 25 ಕೋಟಿವರೆಗಿನವರು ಸಣ್ಣ ಘಟಕ. ಹಣ ತಡವಾದರೆ ದೂರು ಕೊಡಬಹುದು. ಕಾನೂನು ಬಡ್ಡಿಯನ್ನೂ ಕೊಡಿಸುತ್ತದೆ. ಬಡ್ಡಿ ಬೇಡ ಅನ್ನುವವರು ಅಸಲಿಗಾದರೂ ಅರ್ಜಿ ಹಾಕಬಹುದಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಬರೀ ಕೊಂಡು ಮಾರುವ ವ್ಯಾಪಾರಿಗೆ ಉದ್ಯಮ್ ಸರ್ಟಿಫಿಕೇಟ್ ಸಿಗುತ್ತದೆ, ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಈ 45 ದಿನದ ರಕ್ಷಣೆ ಅವನಿಗಿಲ್ಲ. ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ ಎಷ್ಟೋ ಅಂಗಡಿಯವರಿಗೆ ಇದು ಗೊತ್ತಿಲ್ಲ.

ಹಣ ಕೊಟ್ಟವರು ಲೆಕ್ಕ ಕೇಳುತ್ತಾರೆ

ಬೆಳೆಯಲು ಹಣ ಬೇಕು. ಬಡ್ಡಿ ಸಾಲ ಬೇಡ ಅನ್ನುವ ಮನೆಗಳಲ್ಲಿ ಉಳಿಯುವ ದಾರಿ ಎರಡು: ಲಾಭವನ್ನೇ ತಿರುಗಿ ಹಾಕಿ ನಿಧಾನ ಬೆಳೆಯುವುದು, ಇಲ್ಲವೇ ಪಾಲುದಾರರನ್ನು ತರುವುದು. ಎನ್‌ಕ್ಯೂಬ್‌ಗೆ ಮೊದಲು ಮಲ್ಟಿಪಲ್ಸ್ ಎಂಬ ಹೂಡಿಕೆ ಸಂಸ್ಥೆ, ಆಮೇಲೆ 2021ರಲ್ಲಿ ಸಿಂಗಪುರದ ಕ್ವಾಡ್ರಿಯಾ ಕ್ಯಾಪಿಟಲ್ ಪಾಲು ಬಂಡವಾಳ ಹಾಕಿದವು. ಬೆಂಗಳೂರಿನ ಐಡಿ ಫ್ರೆಶ್ ಕಥೆ ಓದುಗರಿಗೆ ಇನ್ನೂ ಹತ್ತಿರ. ವಯನಾಡಿನ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು 2005ರಲ್ಲಿ ದೋಸೆ ಹಿಟ್ಟಿನಿಂದ ಶುರು ಮಾಡಿದ ಕಂಪೆನಿ ಅದು. ಹೊರಗಿನ ದೊಡ್ಡ ಪಾಲು ಬಂಡವಾಳ, ಹೀಲಿಯನ್ ಸಂಸ್ಥೆಯದ್ದು, ಬಂದದ್ದು 2014ರಲ್ಲಿ. ಪ್ರೇಮ್‌ಜಿ ಇನ್ವೆಸ್ಟ್ ಬಂದದ್ದು 2017ರಲ್ಲಿ. ನಡುವಿನ ಆ ಒಂಬತ್ತು ವರ್ಷವನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಕೆಲವೇ ದಿನದಲ್ಲಿ ಹುಳಿಯಾಗುವ ಮಾಲನ್ನು ಯಾವ ಅಂಗಡಿಗೆ ಎಷ್ಟು ಪ್ಯಾಕೆಟ್ ಹಾಕಿದರೆ ವಾಪಸ್ ಬರುವುದಿಲ್ಲ ಅಂತ ಕಲಿಯುವುದು ಅಷ್ಟು ಸುಲಭ ಅಲ್ಲ. ಲೈನ್ ಸೇಲ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದನ್ನು ಕಲಿತಾದ ಮೇಲೆ ಬಂದ ದುಡ್ಡಿಗೆ ಕೆಲಸ ಸಿಕ್ಕಿತು.

ಪಾಲು ಬಂಡವಾಳ ಅಂದರೆ ಕಂತು ಇಲ್ಲದ ಹಣ, ಪುಕ್ಕಟೆ ಹಣ ಅಲ್ಲ. ಹಾಕಿದವರು ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತಾರೆ, ಬೋರ್ಡಿನಲ್ಲಿ ಕೂರುತ್ತಾರೆ, ಕೆಲವು ವರ್ಷ ಕಳೆದ ಮೇಲೆ ತಮ್ಮ ಪಾಲು ಮಾರಿ ಹೊರಗೆ ಹೋಗುವ ದಾರಿಯನ್ನೂ ಕೇಳುತ್ತಾರೆ. ನಮ್ಮ ಊರಿನ ಪದ್ಧತಿ ಬೇರೆಯೇ. ಗಲ್ಫಿನಲ್ಲಿರುವ ಅಣ್ಣ ದುಡ್ಡು ಕಳಿಸುತ್ತಾನೆ, ಊರಿನಲ್ಲಿರುವ ತಮ್ಮ ಅಂಗಡಿ ನಡೆಸುತ್ತಾನೆ. ಆ ದುಡ್ಡು ಸಾಲವೋ, ಪಾಲೋ, ಅಲ್ಲ ಸಹಾಯವೋ ಎಂದು ಯಾರೂ ಬಾಯಿ ಬಿಟ್ಟು ಹೇಳಿರುವುದಿಲ್ಲ. ಅಂಗಡಿ ಮುಳುಗಿದರೆ ಅಣ್ಣ ಅದು ಸಾಲ ಅನ್ನುತ್ತಾನೆ. ಅಂಗಡಿ ಬೆಳೆದರೆ ಅದು ಪಾಲು ಅನ್ನುತ್ತಾನೆ. ತಮ್ಮನ ಲೆಕ್ಕ ಇದಕ್ಕೆ ಸರಿಯಾಗಿ ಉಲ್ಟಾ. ಇಬ್ಬರೂ ಕೆಟ್ಟವರಲ್ಲ. ಕುರ್‌ಆನಿನ ಅತ್ಯಂತ ದೊಡ್ಡ ಆಯತ್ ಕೊಡು ಕೊಳ್ಳುವಿಕೆಯನ್ನು ಬರೆದಿಡುವ ಬಗ್ಗೆ ಇರುವುದು ಎಂದು ವಯಲ್‌ಗಳಲ್ಲಿ ಕೇಳುತ್ತೇವೆ, ಆದರೂ ಅಣ್ಣತಮ್ಮಂದಿರ ನಡುವೆ ಎಂತದ್ದು ಬರೆಯುವುದು ಮಾರಾಯ್ರೇ ಅಂತ ಎದ್ದು ಬರುತ್ತೇವೆ.

ಬರೆಯುವುದು ಅಂದರೆ ಸ್ಟಾಂಪ್ ಪೇಪರಿನಲ್ಲಿ ಎರಡು ಸಾಲು ಗೀಚುವುದಲ್ಲ. ಪಾಲುದಾರಿಕೆ ಪತ್ರ ಮಾಡಿ ಅದನ್ನು ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಾಯಿಸಬೇಕು. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಫರ್ಮು ತನ್ನ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವ ಹಾಗಿಲ್ಲ, ಪಾಲುದಾರ ಪಾಲುದಾರನ ಮೇಲೆ ಹಾಕುವುದಕ್ಕೂ ತಡೆ ಇದೆ. ಅಂಗಡಿಯಲ್ಲಿ ದುಡಿಯುವ ತಮ್ಮನಿಗೆ ಸಂಬಳ ಬೇರೆ, ಲಾಭದ ಪಾಲು ಬೇರೆ ಅಂತ ಪತ್ರದಲ್ಲೇ ಇರಬೇಕು. ಇದರಿಂದ ಮನೆಯ ಜಗಳವೂ ತಪ್ಪುತ್ತದೆ, ತೆರಿಗೆಯೂ ಉಳಿಯುತ್ತದೆ. 2024ರ ಬಜೆಟಿನ ನಂತರ ಫರ್ಮಿನ ಮೊದಲ 6 ಲಕ್ಷ ಲಾಭದ ಮೇಲೆ 3 ಲಕ್ಷ ಅಥವಾ ಶೇ. 90, ಯಾವುದು ಹೆಚ್ಚೋ ಅಷ್ಟು, ಅದರ ಮೇಲಿನದ್ದಕ್ಕೆ ಶೇ. 60ರವರೆಗೆ ದುಡಿಯುವ ಪಾಲುದಾರರ ಸಂಬಳವನ್ನು ಖರ್ಚಾಗಿ ತೋರಿಸಬಹುದು. ಪತ್ರದಲ್ಲಿ ಸಂಬಳದ ಮಾತೇ ಇಲ್ಲದಿದ್ದರೆ ಒಂದು ರೂಪಾಯಿಯೂ ಇಲ್ಲ.

ಹೆಸರು ಕೊಂಡದ್ದು ಕೊನೆಯಲ್ಲಿ

ಬೇರೆಯವರ ಟ್ಯೂಬು ತುಂಬಿಸುತ್ತಿದ್ದ ಎನ್‌ಕ್ಯೂಬ್ 2021ರಲ್ಲಿ ಒಂದು ಕೆಲಸ ಮಾಡಿತು. ಸನೋಫಿ ಇಂಡಿಯಾದಿಂದ ಸೊಫ್ರಾಮೈಸಿನ್ ಬ್ರ್ಯಾಂಡನ್ನು, ಅದರ ಜೊತೆಯ ಬ್ರ್ಯಾಂಡುಗಳ ಸಮೇತ, 125 ಕೋಟಿ ರೂಪಾಯಿಗೆ ಖರೀದಿಸಲು ಒಪ್ಪಂದ ಮಾಡಿಕೊಂಡಿತು. ಬಿದ್ದು ಮೊಣಕಾಲು ಕೆತ್ತಿಸಿಕೊಂಡ ಮಕ್ಕಳಿಗೆ ಅಮ್ಮಂದಿರು ಹಚ್ಚುತ್ತಿದ್ದ ಅದೇ ಹಳೆಯ ಸೊಫ್ರಾಮೈಸಿನ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾಲು ಮಾಡುವುದನ್ನು ಕಲಿತು, ಆಮೇಲೆ ಹೆಸರಿಗೆ ದುಡ್ಡು ಹಾಕಿದರು. ಅದೂ ಹೊಸ ಹೆಸರು ಹುಟ್ಟುಹಾಕುವುದಕ್ಕಲ್ಲ, ಜನರ ನಾಲಗೆಯಲ್ಲಿ ಆಗಲೇ ಇದ್ದ ಹೆಸರಿಗೆ.

ಇಲ್ಲಿ ಹೆಚ್ಚಿನವರು ಶುರು ಮಾಡುವುದು ಹೆಸರಿನಿಂದ. ಲೋಗೋ ಮೊದಲು, ಇನ್‌ಸ್ಟಾಗ್ರಾಮ್ ಪೇಜು ಆಮೇಲೆ, ಮಾಲು ಎಲ್ಲಿಂದ ಎಂಬುದು ಕೊನೆಗೆ. ಅತ್ತರಿನ ಬಾಟಲಿಗೆ ತಮ್ಮ ಲೇಬಲ್ ಅಂಟಿಸಿದರೆ ಬ್ರ್ಯಾಂಡ್ ಆಯಿತು ಅಂತ ತಿಳಿದಿರುತ್ತಾರೆ. ಅದೇ ಸಪ್ಲೈಯರ್ ಅದೇ ಅತ್ತರನ್ನು ಇನ್ನೂ ಇಪ್ಪತ್ತು ಜನರಿಗೆ ಕೊಡುತ್ತಿರುತ್ತಾನೆ. ಅಲ್ಲಿ ಉಳಿಯುವುದು ರೇಟಿನ ಜಗಳ ಮಾತ್ರ. ಈ ವಿಷಯದಲ್ಲಿ ಮಡ್ಕಯಿಯವರ ದಾರಿಯೇ ಸರಿ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ಹಾಗಂತ ಎಲ್ಲರೂ ಇಪ್ಪತ್ತು ವರ್ಷ ಕಾಯಬೇಕು ಅಂತಲೂ ಅಲ್ಲ.

ಮಾಡುವವನು ಬೇರೆ, ನೋಡುವವನು ಬೇರೆ

ಮದ್ದಿನ ಫ್ಯಾಕ್ಟರಿಗಳಿಗೆ ಶೆಡ್ಯೂಲ್ ಎಂ ಎಂಬ ನಿಯಮಾವಳಿ ಇದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ಬಿಗಿ ಮಾಡಿತು. 250 ಕೋಟಿ ಮೀರಿದ ವಹಿವಾಟಿನವರಿಗೆ ಆರು ತಿಂಗಳು, ಸಣ್ಣವರಿಗೆ ಒಂದು ವರ್ಷ ಸಮಯ ಕೊಟ್ಟು, ಸಣ್ಣವರ ಗಡುವನ್ನು ಆಮೇಲೆ 2025ರ ಡಿಸೆಂಬರ್ 31ರವರೆಗೆ ಮುಂದೂಡಿತು. ಅದರಲ್ಲಿ ಯಾವ ವ್ಯಾಪಾರಿಯೂ ಕದ್ದು ತರಬಹುದಾದ ಒಂದು ಪಾಠ ಇದೆ. ಮಾಲು ತಯಾರಿಸುವ ವಿಭಾಗದ ಮುಖ್ಯಸ್ಥ ಮತ್ತು ಗುಣಮಟ್ಟ ನೋಡುವ ವಿಭಾಗದ ಮುಖ್ಯಸ್ಥ ಒಬ್ಬನೇ ಆಗಿರುವಂತಿಲ್ಲ. ಒಬ್ಬನ ಕೈಕೆಳಗೆ ಇನ್ನೊಬ್ಬ ಇರುವಂತೆಯೂ ಇಲ್ಲ. ಆರ್ಡರ್ ಅರ್ಜೆಂಟ್ ಇದೆ ಅಂತ ತಯಾರಿಸುವವನು ಎಷ್ಟೇ ಬೊಬ್ಬೆ ಹಾಕಲಿ, ಗುಣಮಟ್ಟದವನು ಸಹಿ ಹಾಕದೆ ಬ್ಯಾಚ್ ಗೇಟು ದಾಟುವುದಿಲ್ಲ. ಯಾವ ಟ್ಯಾಂಕಿನಲ್ಲಿ, ಎಷ್ಟು ಗಂಟೆಗೆ, ಯಾರು ಏನು ಹಾಕಿದರು ಎನ್ನುವುದಕ್ಕೆಲ್ಲ ಬರಹ ಇರುತ್ತದೆ.

ಅಂಗಡಿಗೆ ಇದನ್ನು ತಂದರೆ: ಗಲ್ಲಾದಲ್ಲಿ ಕೂರುವವನು ಮತ್ತು ಲೆಕ್ಕ ಬರೆಯುವ ರೈಟರ್ ಒಬ್ಬನೇ ಆಗಬಾರದು. ಮಾಲು ಆರ್ಡರ್ ಮಾಡುವವನೇ ಗೋಡೌನಿನಲ್ಲಿ ಎಣಿಸಿ ಇಳಿಸಿಕೊಳ್ಳಬಾರದು. ಇದು ಆಳುಗಳ ಮೇಲೆ ಅಪನಂಬಿಕೆ ಅಲ್ಲ. ನಿಯತ್ತಿನ ಮನುಷ್ಯನ ಮೇಲೆ ನಾಳೆ ಸುಳ್ಳು ಅಪವಾದ ಬಂದರೆ ಅವನನ್ನು ಉಳಿಸುವುದೂ ಇದೇ ಏರ್ಪಾಡು.

ಇದು ಸಣ್ಣವರಿಗೆ ಮಾತ್ರ ಅಲ್ಲ. ಉಡುಪಿಯ ಬಿ.ಆರ್. ಶೆಟ್ಟಿಯವರು 1975ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಎನ್‌ಎಂಸಿ 2012ರಲ್ಲಿ ಲಂಡನ್ ಷೇರುಪೇಟೆಗೆ ಹೋದಾಗ ಕರಾವಳಿಯೇ ಹೆಮ್ಮೆಪಟ್ಟಿತ್ತು. 2019ರ ಜೂನ್ ಕೊನೆಗೆ ಕಂಪೆನಿ ತೋರಿಸಿದ್ದ ಸಾಲ ಸುಮಾರು 210 ಕೋಟಿ ಡಾಲರ್. 2020ರ ಮಾರ್ಚಿನಲ್ಲಿ ಅದೇ ಕಂಪೆನಿ ಸಾಲ 660 ಕೋಟಿ ಡಾಲರ್ ಎಂದು ಹೇಳಿತು. ಏಪ್ರಿಲಿನಲ್ಲಿ ಆಡಳಿತಾಧಿಕಾರಿ ಬಂದರು. ತಮಗೆ ಗೊತ್ತಿಲ್ಲದೆ ಮೋಸ ನಡೆದಿದೆ ಎಂಬುದು ಶೆಟ್ಟಿಯವರ ವಾದ. ಯಾರ ಪಾಲು ಎಷ್ಟು ಎಂಬುದನ್ನು ಹಲವು ದೇಶಗಳ ಕೋರ್ಟುಗಳು ನೋಡಿವೆ, ನೋಡುತ್ತಿವೆ. ಆ ವಾದವನ್ನು ಹಾಗೇ ಒಪ್ಪಿಕೊಂಡರೂ, ಮಾಲಕನಿಗೆ ಕಾಣದ ಸಾಲ ತೋರಿಸಿದ ಸಾಲದ ಎರಡು ಪಟ್ಟಿಗಿಂತ ಹೆಚ್ಚಿತ್ತು ಎಂದಾಗುತ್ತದೆ.

ಸಣ್ಣ ಅಂಗಡಿಯಲ್ಲಿ ಇದರ ಔಷಧಿ ಸುಲಭ. ತಿಂಗಳಿಗೊಂದು ದಿನ, ಮಾಲಕ ತಾನೇ ಮೂರು ಕಾಗದ ಎದುರಿಗೆ ಇಟ್ಟುಕೊಳ್ಳುವುದು: ಬ್ಯಾಂಕ್ ಸ್ಟೇಟ್‌ಮೆಂಟ್, ಬರಬೇಕಾದ ಬಾಕಿಯ ಪಟ್ಟಿ, ಕೊಡಬೇಕಾದ ಬಾಕಿಯ ಪಟ್ಟಿ. ಬಾಕಿಯನ್ನು 30 ದಿನದ್ದು, 60 ದಿನದ್ದು, 90 ದಿನ ದಾಟಿದ್ದು ಅಂತ ಬೇರೆ ಬೇರೆ ಮಾಡಿಸುವುದು. 90 ದಾಟಿದ ಹೆಸರುಗಳಲ್ಲಿ ಸಂಬಂಧಿಕರು, ಜಮಾಅತಿನ ದೊಡ್ಡವರು ಇದ್ದೇ ಇರುತ್ತಾರೆ. ಅವರಿಗೆ ಫೋನ್ ಮಾಡುವ ಕೆಲಸವನ್ನು ಆಳಿಗೆ ಒಪ್ಪಿಸಿದರೆ ಆಗುವುದಿಲ್ಲ, ಮಾಲಕನೇ ಮಾಡಬೇಕು. ಅಕೌಂಟೆಂಟ್ ಕೊಟ್ಟ ಲೆಕ್ಕಕ್ಕೂ ಬ್ಯಾಂಕಿಗೂ ತಾಳೆ ಆಗದಿದ್ದರೆ ಆವತ್ತೇ ಕೇಳುವುದು. ಮಾರ್ಚಿನವರೆಗೆ ಬಿಟ್ಟರೆ ಯಾವ ಬಿಲ್ಲು ಯಾವುದು ಅಂತ ಯಾರಿಗೂ ನೆನಪಿರುವುದಿಲ್ಲ. ಆ ಬಿಲ್ಲುಗಳನ್ನೂ ಸುಟ್ಟುಹಾಕುವ ಹಾಗಿಲ್ಲ. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಪುಸ್ತಕ, ಬಿಲ್ಲು ಎಲ್ಲ ಇಟ್ಟುಕೊಳ್ಳಬೇಕು. ಕೇಸೋ ಅಪೀಲೋ ನಡೆಯುತ್ತಿದ್ದರೆ ಅದು ಮುಗಿದು ಇನ್ನೂ ಒಂದು ವರ್ಷ.